ಬಂಕರ್ ಖಾಲಿ ಮಾಡ್ಯಾರೇನು?

ನಮ್ಮಪ್ಪ ಕರೆಂಟ್ ಬಗ್ಗೆ ಮಾತಾಡಿದ್ದೇ ಕಮ್ಮಿ. ರಾಯಚೂರು ಶಕ್ತಿನಗರದ ಥರ್ಮಲ್ ಪ್ಲಾಂಟಲ್ಲಿ ಹೆಚ್ಚುಕಮ್ಮಿ ಮೂವತ್ತು ವರ್ಷ ಕೆಲಸ ಮಾಡಿದ ಮನುಷ್ಯ, ಮನೇಲಿ ಟ್ಯೂಬ್‌ಲೈಟ್ ಕೆಟ್ರೆ ಇವತ್ತಿಗೂ ಎಲೆಕ್ಟ್ರಿಷಿಯನ್ನ ಕರೆಸ್ತಾರೆ. ಅವರು ಇದ್ದದ್ದು ಸಿಎಚ್‌ಪಿಯಲ್ಲಿ, ಅಂದ್ರೆ ಕೋಲ್ ಹ್ಯಾಂಡ್ಲಿಂಗ್ ಪ್ಲಾಂಟಲ್ಲಿ. ಹಂಗಾಗಿ ಊಟಕ್ಕೆ ಕೂತಾಗ ಬರೋ ಮಾತೆಲ್ಲ ರೇಕ್ ಬಗ್ಗೆ, ಅಂದ್ರೆ ಕಲ್ಲಿದ್ದಲು ಹೊತ್ತು ಬರೋ ಗೂಡ್ಸ್ ರೈಲಿನ ಬಗ್ಗೆ. ಇವತ್ತು ಎಷ್ಟು ರೇಕ್ ಬಂತು, ತೆಲಂಗಾಣದ ಸಿಂಗರೇಣಿ ಗಣಿದಾ ಒಡಿಶಾದ್ದಾ, ಒಣಗಿತ್ತಾ ನೆಂದು ಬಂದಿತ್ತಾ, ವ್ಯಾಗನ್ ಮಗುಚೋ ಟಿಪ್ಲರಲ್ಲಿ ಎಷ್ಟೊತ್ತಿಗೆ ಖಾಲಿ ಆಯ್ತು. ಬೇಸಿಗೆಯಲ್ಲಿ ಕಲ್ಲಿದ್ದಲ ರಾಶಿಗೆ ನೀರು ಹೊಡೀತಾನೇ ಇರಬೇಕು, ಇಲ್ಲಾಂದ್ರೆ ಯಾರೂ ಬೆಂಕಿ ಹಚ್ಚದಿದ್ರೂ ತಾನಾಗೇ ಒಳಗಿಂದ ಹೊತ್ಕೊಳ್ಳುತ್ತೆ ಅನ್ನೋದು ನಂಗೆ ನಾಕನೇ ಕ್ಲಾಸಲ್ಲೇ ಗೊತ್ತಿತ್ತು. ಅವ್ವ ಅಂಗಿ ಒಗೆಯೋ ಮುಂಚೆ ಜೇಬು ತಿರುವಿ ಕೊಡವೋಳು, ಬಚ್ಚಲ ಕಲ್ಲ ಮೇಲೆ ಒಂದು ಚಿಟಿಕೆ ಕಪ್ಪು ಪುಡಿ ಬೀಳೋದು.

"ಕರೆಂಟ್ ಮಾಡೋದು ಏನು ದೊಡ್ಡ ಕೆಲಸ ಅಲ್ಲಪಾ, ಅದು ತಾನ ಆಗ್ತದ. ಕಲ್ಲಿದ್ದಲು ಒಳಗ ತರೂದು, ಬೂದಿ ಹೊರಗ ಹಾಕೂದು, ಅದು ಕೆಲಸ" ಅನ್ನೋದು ಅವರ ಸಿದ್ಧಾಂತ. ಟರ್ಬೈನ್ ಕಡೆ ಇದ್ದ ಅಂಕಲ್‌ಗಳು ಇದನ್ನ ಕೇಳಿ ನಗೋರು. ನಾನೂ ನಗ್ತಿದ್ದೆ.

2013ರಲ್ಲಿ ನಾನು ಇಂಗ್ಲೆಂಡಿಗೆ ಕೆಲಸಕ್ಕೆ ಬಂದೆ. ಹೀಥ್ರೋದಿಂದ ಬಸ್ಸು ಹಿಡಿದು ನಾಟಿಂಗ್‌ಹ್ಯಾಮ್ ಕಡೆ ಬರ್ತಾ ಇದ್ದೆ, ನವೆಂಬರ್ ತಿಂಗಳು, ಮಧ್ಯಾಹ್ನ ಮೂರೂವರೆಗೇ ಬೆಳಕು ಹೋಗೋ ಹಂಗಿತ್ತು, ನಿದ್ದೆಗಣ್ಣಲ್ಲಿ ಕಿಟಕಿ ಆಚೆ ನೋಡಿದ್ರೆ ಎಂ1 ಹೈವೇ ಪಕ್ಕ ಬಯಲಲ್ಲಿ ಎಂಟು ದೊಡ್ಡ ದೊಡ್ಡ ಕೂಲಿಂಗ್ ಟವರು, ನಡುವೆ ಸಣಕಲು ಚಿಮಣಿ ಒಂದು. ಅಷ್ಟು ದೂರ ಬಂದು ನಾನು ಮೊದಲು ಗುರುತು ಹಿಡಿದಿದ್ದು ಇದನ್ನೇ. ಬೇರೆಲ್ಲ ಹೊಸದು, ಇದೊಂದು ಮಾತ್ರ ನಮ್ಮ ಕಾಲೋನಿದು ಅನ್ನಿಸ್ತು. ಪಕ್ಕದ ಸೀಟಲ್ಲಿದ್ದವರು ಕೇಳದೇನೇ ಹೇಳಿದ್ರು, ಅದು ಕಂಡ್ರೆ ಮನೆ ಬಂತು ಅಂತ ಲೆಕ್ಕ ಅಂತ. ಆಮೇಲೆ ಗೊತ್ತಾಯ್ತು, ಈ ಕಡೆಯವರೆಲ್ಲ ಹಂಗೇ ಹೇಳ್ತಾರೆ.

ಅದರ ಹೆಸರು ರ್‍ಯಾಟ್‌ಕ್ಲಿಫ್ ಆನ್ ಸೋರ್. ಸೋರ್ ಅನ್ನೋದು ಹೊಳೆ ಹೆಸರು, ಅದು ಟ್ರೆಂಟ್ ನದಿಗೆ ಹೋಗಿ ಸೇರೋ ಜಾಗದ ಹತ್ತಿರ ಈ ಸ್ಟೇಷನ್ನು. 1963ರಲ್ಲಿ ಕಟ್ಟೋಕೆ ಶುರು ಮಾಡಿದ್ರು, 1967ರಷ್ಟೊತ್ತಿಗೆ ಕರೆಂಟ್ ಕೊಡೋಕೆ ಶುರು ಆಯ್ತು. 500 ಮೆಗಾವ್ಯಾಟಿನ ನಾಕು ಯೂನಿಟ್ (ಯೂನಿಟ್ ಅಂದ್ರೆ ಬಾಯ್ಲರು, ಟರ್ಬೈನು, ಜನರೇಟರು ಸೇರಿದ ಒಂದು ಸೆಟ್ಟು), ಒಟ್ಟು 2000. ನಮ್ಮ ಶಕ್ತಿನಗರದ್ದು ಎಂಟು ಯೂನಿಟ್ ಸೇರಿ 1720, ಅದರಲ್ಲಿ ಏಳು 210ರವು, ಒಂದು 250ರದ್ದು. ಅಂದ್ರೆ 60ರ ದಶಕದಲ್ಲೇ ಇವರು ನಮ್ಮ ಎರಡು ಯೂನಿಟ್ಟಿಗಿಂತ ದೊಡ್ಡದಾದ ಒಂದೊಂದು ಯೂನಿಟ್ ಕೂರಿಸಿದ್ರು. ಟವರುಗಳ ಎತ್ತರ 114 ಮೀಟರ್, ಚಿಮಣಿ 199.

ಈ ಎರಡು ನಂಬರ್ ನೆನಪಿಟ್ಕೊಳ್ಳಿ. ಯಾಕಂದ್ರೆ ಪೇಪರು ಟಿವಿ ಎಲ್ಲ ಕಡೆ ಮಾಲಿನ್ಯದ ಸುದ್ದಿ ಬಂದಾಗೆಲ್ಲ ತೋರಿಸೋದು ಟವರನ್ನ. ದಪ್ಪಗೆ ಬೆಳ್ಳಗೆ ಮೇಲೆ ಹೋಗೋದು ನೋಡಿ ಜನ ಅಯ್ಯೋ ಏನ್ ಹೊಗೆ ಅಂತಾರೆ. ಅದು ಹೊಗೆ ಅಲ್ಲ ಸ್ವಾಮೀ, ಸ್ನಾನದ ಹಂಡೆ ಮೇಲೆ ಏಳುತ್ತಲ್ಲ, ಅದೇ. ಟರ್ಬೈನ್ ತಿರುಗಿಸಿ ಬಂದ ಸ್ಟೀಮನ್ನ ಮತ್ತೆ ನೀರು ಮಾಡೋಕೆ ತಣ್ಣೀರು ಬೇಕು, ಆ ತಣ್ಣೀರು ಬಿಸಿಯಾಗುತ್ತೆ, ಅದನ್ನ ಟವರೊಳಗೆ ಜರಡಿಯಿಂದ ಸುರಿದ ಹಂಗೆ ಬೀಳಿಸ್ತಾರೆ, ಕೆಳಗಿಂದ ಗಾಳಿ ತಾನಾಗೇ ಎಳ್ಕೊಂಡು ಮೇಲೆ ಹೋಗುತ್ತೆ, ಸ್ವಲ್ಪ ನೀರು ಆವಿಯಾಗಿ ಹೋಗುತ್ತೆ, ಉಳಿದಿದ್ದು ತಣ್ಣಗಾಗಿ ಕೆಳಗಿನ ತೊಟ್ಟಿಗೆ. ಫ್ಯಾನ್ ಇಲ್ಲ ಏನಿಲ್ಲ, ಒಳಗಿನ ಬಿಸಿ ಗಾಳಿ ಹಗುರಾಗಿ ಮೇಲೇರುತ್ತೆ, ಆ ಎತ್ತರಾನೇ ಕೆಲಸ ಮಾಡೋದು. ಕಲ್ಲಿದ್ದಲು ಸುಟ್ಟ ಹೊಗೆ ಹೋಗೋದೆಲ್ಲ ಪಕ್ಕದ ಸಣಕಲು ಚಿಮಣೀಲಿ. ಅದರ ಬಾಯಲ್ಲಿ ಬಹಳ ಸಲ ಏನೂ ಕಾಣೋದೇ ಇಲ್ಲ, ಹಂಗಾಗಿ ಅದರ ಫೋಟೋ ಯಾರೂ ಹಾಕಲ್ಲ.

2018ರ ಜೂನಲ್ಲಿ ಅಪ್ಪ ಅವ್ವ ಇಲ್ಲಿಗೆ ಬಂದಿದ್ರು. ಅವ್ವನಿಗೆ ಲಂಡನ್, ರಾಣಿ ಅರಮನೆ. ಅಪ್ಪನಿಗೆ ಏನು ತೋರಿಸೋದು? ಈಸ್ಟ್ ಮಿಡ್‌ಲ್ಯಾಂಡ್ಸ್ ಪಾರ್ಕ್‌ವೇ ಅಂತ ರೈಲ್ವೆ ಸ್ಟೇಷನ್ ಇದೆ, 2009ರಲ್ಲಿ ಶುರುವಾಗಿದ್ದು, ಪ್ಲಾಟ್‌ಫಾರ್ಮಲ್ಲಿ ನಿಂತ್ರೆ ಟವರುಗಳು ಮೈಮೇಲೆ ಬಂದ ಹಂಗೆ ಕಾಣುತ್ತೆ. ಅಲ್ಲಿಗೆ ಕರ್ಕೊಂಡು ಹೋದೆ. ಅವ್ವ ಬೆಂಚ್ ಮೇಲೆ ಕೂತು ಚಪಾತಿ ಡಬ್ಬಿ ಬಿಚ್ಚಿದ್ಲು. ಅಪ್ಪ ಕೈ ಹಿಂದೆ ಕಟ್ಕೊಂಡು ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದ್ರು. ಅವತ್ತು ಒಂದೇ ಒಂದು ಟವರಲ್ಲೂ ಆವಿ ಇಲ್ಲ.

"ಷಟ್‌ಡೌನ್ ಅದ ಏನು?"

ಇಲ್ಲಪ್ಪ, ಬೇಸಿಗೆ, ಗಾಳಿ ಬಿಸಿಲು ಗ್ಯಾಸಲ್ಲೇ ಆಗ್ಬಿಡುತ್ತೆ, ಇದನ್ನ ಚಳಿಗಾಲಕ್ಕೆ ಇಟ್ಕೊಂಡಿರ್ತಾರೆ ಅಂದೆ. ಅವರಿಗೆ ಅದು ಅರ್ಥವೇ ಆಗ್ಲಿಲ್ಲ. ರಿಪೇರಿ ಇಲ್ಲ, ಕಲ್ಲಿದ್ದಲು ಕೊರತೆ ಇಲ್ಲ, ನಾಕು ಯೂನಿಟ್ ಸುಮ್ಮನೆ ನಿಲ್ಲಿಸಿ ಕೂತಿದ್ದಾರಾ? ಸ್ವಲ್ಪ ಹೊತ್ತು ಬಿಟ್ಟು, "ಯೂನಿಟ್ ನಾಕು, ಟವರ್ ಎಂಟು. ಒಂದಕ್ಕ ಎರಡು" ಅಂತ ತಮಗೆ ತಾವೇ ಲೆಕ್ಕ ಹಾಕ್ಕೊಂಡ್ರು. ಆಮೇಲೆ ಕೇಳಿದ್ರು: "ಟಿಪ್ಲರ್ ಎಲ್ಲದ?"

ಟಿಪ್ಲರ್ ಇರಲಿಲ್ಲ. ಇದನ್ನ ನಾನು ಆಮೇಲೆ ಓದಿ ತಿಳ್ಕೊಂಡೆ, ಅಪ್ಪನಿಗೆ ಹೇಳಿದಾಗ ಅವರಿಗೆ ಆಗಲೇ ಅರ್ಧ ಗೊತ್ತಿತ್ತು. ನಮ್ಮಲ್ಲಿ ವ್ಯಾಗನ್ನನ್ನ ಒಂದೊಂದಾಗಿ ಹಿಡಿದು ಮಗುಚಿ ಹಾಕ್ತಾರೆ, ಅದೇ ಟಿಪ್ಲರ್. ಇಂಗ್ಲೆಂಡಲ್ಲಿ 60ರ ದಶಕದ ಮಧ್ಯದಲ್ಲಿ ಬೇರೆ ಪದ್ಧತಿ ತಂದ್ರು. ರೈಲು ನಿಲ್ಲೋದೇ ಇಲ್ಲ, ಆಮೆ ಥರ ತೆವಳ್ತಾ ಹೋಗುತ್ತೆ, ಹಳಿ ಪಕ್ಕ ಇರೋ ಒಂದು ಸಾಧನ ವ್ಯಾಗನ್ನಿನ ಅಡಿಬಾಗಿಲು ತೆಗೀತಾ ಹೋಗುತ್ತೆ, ಕಲ್ಲಿದ್ದಲು ಕೆಳಗಿನ ಗುಂಡಿಗೆ ಬೀಳುತ್ತೆ, ಇನ್ನೊಂದು ಸಾಧನ ಬಾಗಿಲು ಮುಚ್ಚುತ್ತೆ, ರೈಲು ಹಂಗೇ ಸುತ್ತು ಹೊಡೆದು ಗಣಿಗೆ ವಾಪಸ್. ಜಾತ್ರೆ ತೊಟ್ಟಿಲ ಹೆಸರೇ ಇಟ್ಟಿದ್ರು ಅದಕ್ಕೆ, ಮೆರ್‍ರಿ ಗೋ ರೌಂಡ್. "ಎಂಜಿಆರ್ ಅನ್ನು! ರಾಮಗುಂಡಂದಾಗ ಎನ್‌ಟಿಪಿಸಿದವರದು ಅದೇ ಅಲ್ಲೇನು" ಅಂದ್ರು ಅಪ್ಪ. ನಾನು ಅಲ್ಲೀವರೆಗೂ ಎಂಜಿಆರ್ ಅಂದ್ರೆ ತಮಿಳು ಸಿನಿಮಾದವರು ಒಬ್ಬರೇ ಅನ್ಕೊಂಡಿದ್ದೆ.

ಈ ಜಾಗದಲ್ಲೇ ಯಾಕೆ ಕಟ್ಟಿದ್ರು ಅನ್ನೋದಕ್ಕೂ ಉತ್ತರ ಅದೇ, ಒಳಗ ತರೂದು. ಮೊದಮೊದಲು ಪವರ್ ಸ್ಟೇಷನ್‌ಗಳು ಊರೊಳಗೇ ಇರ್ತಿದ್ವು, ಲಂಡನ್ ಥೇಮ್ಸ್ ದಂಡೆಯ ಬ್ಯಾಟರ್‌ಸೀ ಥರ. ಗ್ರಿಡ್ ಗಟ್ಟಿಯಾದ ಮೇಲೆ ಯಾರಿಗೋ ಹೊಳೀತು, ಕಲ್ಲಿದ್ದಲನ್ನ ಊರಿಗೆ ಹೊರೋ ಬದಲು ಕರೆಂಟನ್ನೇ ತಂತಿಯಲ್ಲಿ ಕಳಿಸಿದ್ರೆ ಸುಲಭ ಅಂತ. ನಾಟಿಂಗ್‌ಹ್ಯಾಮ್‌ಶೈರ್ ತುಂಬಾ ಗಣಿ, ಪಕ್ಕದಲ್ಲಿ ಟ್ರೆಂಟ್ ನದಿ ನೀರು. ಹಂಗಾಗಿ ನದಿಯುದ್ದಕ್ಕೂ ಸಾಲಾಗಿ ಕಟ್ಟಿದ್ರು. ಡ್ರೇಕ್‌ಲೋ, ವಿಲ್ಲಿಂಗ್ಟನ್, ಕಾಸಲ್ ಡಾನಿಂಗ್ಟನ್, ರ್‍ಯಾಟ್‌ಕ್ಲಿಫ್, ಹೈ ಮಾರ್ನ್‌ಹ್ಯಾಮ್, ಕಾಟಮ್, ವೆಸ್ಟ್ ಬರ್ಟನ್. ಈ ಕಣಿವೆಗೆ ಮೆಗಾವ್ಯಾಟ್ ವ್ಯಾಲಿ ಅಂತಲೇ ಅಡ್ಡಹೆಸರು ಬಿತ್ತು, ಒಂದು ಕಾಲಕ್ಕೆ ದೇಶದ ಕರೆಂಟಿನ ಕಾಲು ಭಾಗದಷ್ಟು ಇಲ್ಲಿಂದ ಹೋಗ್ತಿತ್ತು. ವಿಲ್ಲಿಂಗ್ಟನ್ ಮುಚ್ಚಿ ಎಷ್ಟೋ ವರ್ಷ ಆದ್ರೂ ಐದು ಟವರು ಹಂಗೇ ನಿಂತಿದ್ವು, ಡರ್ಬಿ ಕಡೆ ರೈಲಲ್ಲಿ ಹೋಗುವಾಗೆಲ್ಲ ನೋಡಿದ್ದೀನಿ.

ರ್‍ಯಾಟ್‌ಕ್ಲಿಫ್ ಇನ್ನೂ ಕಟ್ಟುತ್ತಾ ಇರುವಾಗ, 1965ರ ನವೆಂಬರ್ 1ಕ್ಕೆ ಯಾರ್ಕ್‌ಷೈರಿನ ಫೆರ್ರಿಬ್ರಿಡ್ಜಲ್ಲಿ ಜೋರು ಗಾಳಿಗೆ ಮೂರು ಕೂಲಿಂಗ್ ಟವರು ಕುಸಿದುಬಿದ್ವು. ಅವೂ ಇದೇ 114 ಮೀಟರಿನವು, ಅವೂ ಎಂಟರ ಗುಂಪು. ಇಷ್ಟೆತ್ತರದ ಗೋಡೆ ಒಂದು ಗೇಣೂ ದಪ್ಪ ಇರಲಿಲ್ಲ. ಒಂದೊಂದೇ ಟವರಿಗೆ ಗಾಳಿ ಲೆಕ್ಕ ಹಾಕಿದ್ರು, ಗುಂಪಲ್ಲಿ ಮುಂದಿನವುಗಳ ಸಂದಿಯಿಂದ ನುಗ್ಗಿ ಬರೋ ಗಾಳಿ ಹಿಂದಿನವುಗಳನ್ನ ಹೆಂಗೆ ಅಲ್ಲಾಡಿಸುತ್ತೆ ಅಂತ ಸರಿಯಾಗಿ ನೋಡಿರಲಿಲ್ಲ. ಬಿದ್ದಿದ್ದು ಹಿಂದಿನ ಸಾಲಿನವೇ. ಆಮೇಲೆ ದೇಶದಲ್ಲೆಲ್ಲ ಟವರ್ ಕಟ್ಟೋ ನಿಯಮ ಬದಲಾಯ್ತು. ಮೆಟ್ರೋ ಪಿಲ್ಲರ್, ಫ್ಲೈಓವರ್ ಸುದ್ದಿ ಓದಿದಾಗೆಲ್ಲ ನಂಗಿದು ನೆನಪಾಗುತ್ತೆ, ಇರಲಿ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜ ಇದ್ರು, ಹಳೇ ಗಣಿ ಕೆಲಸಗಾರರು. ನಮ್ಮ ಬೇಲಿಗೂ ಅವರೇ ಬಣ್ಣ ಹಚ್ಚಿ ಕೊಟ್ಟಿದ್ರು, ಬೇಡ ಅಂದ್ರೂ ಕೇಳಿರಲಿಲ್ಲ. ಮಾತು ಕಲ್ಲಿದ್ದಲ ಕಡೆ ಹೋದ್ರೆ ಸಾಕು 1984ಕ್ಕೆ ಬಂದು ನಿಲ್ಲುತ್ತೆ. ಗಣಿಗಳನ್ನ ಮುಚ್ಚೋದರ ವಿರುದ್ಧ ದೇಶದ ತುಂಬಾ ಒಂದು ವರ್ಷ ಮುಷ್ಕರ ನಡೀತಲ್ಲ, ಆಗ ನಾಟಿಂಗ್‌ಹ್ಯಾಮ್‌ಶೈರಿನ ಬಹಳ ಜನ ಮುಷ್ಕರಕ್ಕೆ ಸೇರದೆ ಕೆಲಸಕ್ಕೆ ಹೋದ್ರು, ಮುಷ್ಕರ ಬೇಕಾ ಬೇಡ್ವಾ ಅಂತ ನಮಗೆ ವೋಟ್ ಹಾಕೋಕೆ ಬಿಟ್ಟಿಲ್ಲ ಅಂತ. ಹೋದವರು ಬೇರೆ ಯೂನಿಯನ್ನೇ ಕಟ್ಕೊಂಡ್ರು. ಹೋದವರ ಗಣೀನೂ ಉಳೀಲಿಲ್ಲ, ಹೋಗದವರದ್ದೂ ಉಳೀಲಿಲ್ಲ. ಈ ಜಿಲ್ಲೆಯ ಕೊನೇ ಗಣಿ ಥೋರ್ಸ್‌ಬಿ 2015ರ ಜುಲೈಯಲ್ಲಿ ಮುಚ್ಚಿತು, ಅದೇ ಡಿಸೆಂಬರಲ್ಲಿ ಯಾರ್ಕ್‌ಷೈರಿನ ಕೆಲ್ಲಿಂಗ್ಲಿ, ಅಲ್ಲಿಗೆ ಬ್ರಿಟನ್ನಿನ ಆಳದ ಗಣಿಗಳ ಕಥೆ ಮುಗೀತು. ಅಜ್ಜ ತಾವು ಆವಾಗ ಯಾವ ಕಡೆ ಇದ್ರು ಅಂತ ಒಂದು ಸಲಾನೂ ಬಾಯಿ ಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ರ್‍ಯಾಟ್‌ಕ್ಲಿಫ್ ಮುಚ್ಚೋ ವಿಷಯ ತೆಗೆದಾಗ ಮಾತ್ರ, ಮುಚ್ಚಲಿ ಬಿಡು, ಎಷ್ಟು ವರ್ಷದಿಂದ ಅದರ ಹೊಟ್ಟೆಗೆ ಬಿದ್ದಿದ್ದು ಹಡಗಲ್ಲಿ ಬಂದ ಕಲ್ಲಿದ್ದಲು, ನಮ್ಮದೇನಿತ್ತು ಅದರಲ್ಲಿ ಅಂದ್ರು. ಪಕ್ಕದಲ್ಲಿ ಗಣಿ ಇದೆ ಅಂತ ಕಟ್ಟಿದ ಸ್ಟೇಷನ್ನು, ಕಡೆಗೆ ಸಮುದ್ರ ದಾಟಿ ಬಂದಿದ್ದನ್ನ ತಿಂದ್ಕೊಂಡು ಬದುಕಿತ್ತು.

ಇನ್ನು ಹೊರಗ ಹಾಕೂದು. ಆ 199 ಮೀಟರಿನ ಚಿಮಣಿ ನೆನಪಿಟ್ಕೊಳ್ಳಿ ಅಂದಿದ್ದೆನಲ್ಲ. ಅಷ್ಟೆತ್ತರ ಯಾಕೆ ಅಂದ್ರೆ, ಕಲ್ಲಿದ್ದಲಲ್ಲಿರೋ ಗಂಧಕ ಸುಟ್ಟು ಬರೋ ಗಾಳಿ ಕೆಳಗೆ ಊರಿನ ಮೇಲೆ ಬೀಳಬಾರದು. 1952ರಲ್ಲಿ ಲಂಡನ್ನಲ್ಲಿ ಹೊಗೆ ಮಂಜು ಕವಿದು ಸಾವಿರಾರು ಜನ ಸತ್ತ ನೆನಪು ಹಸಿಯಾಗಿತ್ತು. ಸರಿ, ಎತ್ತರದಿಂದ ಬಿಟ್ರು, ಊರಿಗೆ ಬೀಳಲಿಲ್ಲ. ಹಂಗಂತ ಮಾಯ ಆಗುತ್ತಾ? ಗಾಳಿ ಬೀಸೋ ಕಡೆ ಹೋಯ್ತು, ಉತ್ತರ ಸಮುದ್ರ ದಾಟಿ ನಾರ್ವೆ ಸ್ವೀಡನ್ನಲ್ಲಿ ಆಮ್ಲ ಮಳೆ ಆಗಿ ಸುರೀತು, ಅಲ್ಲಿನ ಕೆರೆ ಹೊಳೆಗಳಲ್ಲಿ ಮೀನು ಸತ್ವು. ನಮ್ಮ ಮನೆ ಕಸ ಪಕ್ಕದ ಮನೆ ಕಾಂಪೌಂಡಿಗೆ ಎಸೆಯೋದನ್ನ ಇಷ್ಟು ದೊಡ್ಡ ಇಂಜಿನಿಯರಿಂಗ್ ಮಾಡಿ ಮಾಡಿದ್ರು. ಅವರು ಜಗಳ ಆಡಿ, ದೇಶದೇಶಗಳು 1979ರಲ್ಲಿ ಒಪ್ಪಂದ ಮಾಡ್ಕೊಂಡು, ಇವರು ಹಿಂದೆಮುಂದೆ ನೋಡಿ ನೋಡಿ, ಕಡೆಗೆ 90ರ ದಶಕದಲ್ಲಿ ರ್‍ಯಾಟ್‌ಕ್ಲಿಫ್‌ಗೆ ಗಂಧಕ ತೊಳೆಯೋ ಪ್ಲಾಂಟ್ ಬಂತು. ಎಫ್‌ಜಿಡಿ ಅಂತಾರೆ ಅದನ್ನ. ಸುಣ್ಣದ ಕಲ್ಲಿನ ಪುಡಿಯನ್ನ ನೀರಲ್ಲಿ ಕಲಸಿ ಹೊಗೆ ಮೇಲೆ ಎರಚ್ತಾರೆ, ಗಂಧಕ ಅದಕ್ಕೆ ಹಿಡ್ಕೊಂಡು ಜಿಪ್ಸಮ್ ಆಗುತ್ತೆ. ಆ ಜಿಪ್ಸಮ್ ಪ್ಲಾಸ್ಟರ್‌ಬೋರ್ಡ್ ಮಾಡೋರಿಗೆ ಹೋಗ್ತಿತ್ತು.

ಇಲ್ಲಿನ ಮನೆಗಳ ಒಳಗೋಡೆ ಆ ಬೋರ್ಡಿಂದೇ ಇರುತ್ತೆ, ಬೆರಳಲ್ಲಿ ತಟ್ಟಿದ್ರೆ ತಮಟೆ ಥರ ಸದ್ದು. ಮನೆ ತಗೊಂಡ ಹೊಸದರಲ್ಲಿ ಮಂತ್ರಾಲಯದ ರಾಯರ ಫೋಟೋ ಹಾಕೋಕೆ ಅಂತ ಡ್ರಿಲ್ ಹಿಡಿದೆ, ಊರ ಗೋಡೆ ಅನ್ಕೊಂಡು ಒತ್ತಿದ್ದಕ್ಕೆ ಡ್ರಿಲ್ ಬೆಣ್ಣೆಗೆ ಹೋದ ಹಂಗೆ ಆ ಕಡೆಗೇ ಹೋಯ್ತು, ಕೈ ಮೇಲೆಲ್ಲ ಬೆಳ್ಳಗೆ ನುಣುಪು ಪುಡಿ. ಮೊಳೆ ನಿಲ್ಲಲಿಲ್ಲ, ಫೋಟೋ ಇವತ್ತಿಗೂ ಶೆಲ್ಫಿನ ಮೇಲೇ ಇದೆ. ಮನೆ ಕಟ್ಟಿದ್ದು 90ರ ದಶಕದ ಕೊನೇಲಿ. ಆ ಪುಡಿ ರ್‍ಯಾಟ್‌ಕ್ಲಿಫ್ ಚಿಮಣಿಯಿಂದ ನಾರ್ವೆಗೆ ಹೋಗಬೇಕಿದ್ದ ಗಂಧಕ ಇದ್ರೂ ಇರಬಹುದು. ಆವತ್ತಿನಿಂದ ಆ ಗೋಡೆ ತೂತು ಕಂಡಾಗೆಲ್ಲ ಅವ್ವ ಜೇಬು ಕೊಡವೋದು ಕಣ್ಮುಂದೆ ಬರುತ್ತೆ.

ಆದ್ರೆ ಹೊರಗೆ ಹಾಕೋಕೆ ಆಗದೇ ಉಳಿದಿದ್ದು ಒಂದಿತ್ತು, ಕಾರ್ಬನ್ ಡೈಆಕ್ಸೈಡು. ಅದಕ್ಕೆ ಸುಣ್ಣದ ನೀರಿನ ಉಪಾಯ ನಡೀಲಿಲ್ಲ. 2009ರ ಏಪ್ರಿಲಲ್ಲಿ ಸ್ಟೇಷನ್ ಒಳಗೆ ನುಗ್ಗಿ ನಿಲ್ಲಿಸಬೇಕು ಅಂತ ಪ್ಲಾನ್ ಮಾಡಿ ನಾಟಿಂಗ್‌ಹ್ಯಾಮಿನ ಒಂದು ಶಾಲೆಯಲ್ಲಿ ಸೇರಿದ್ದ 114 ಜನರನ್ನ ಪೊಲೀಸರು ಅವರು ಹೊರಡೋ ಮುಂಚೇನೇ ಹಿಡಿದ್ರು. ಆಮೇಲೆ ಗೊತ್ತಾಯ್ತು, ಅವರ ಜೊತೆ ವರ್ಷಗಟ್ಟಲೆ ಗೆಳೆಯನ ಹಂಗೆ ಓಡಾಡಿದ್ದ ಒಬ್ಬ ಮಾರುವೇಷದ ಪೊಲೀಸ್, ಮಾರ್ಕ್ ಕೆನಡಿ ಅಂತ. ಅದು ಬಯಲಾದ ಮೇಲೆ 2011ರಲ್ಲಿ ಒಂದು ಕೇಸು ಬಿದ್ದುಹೋಯ್ತು, ಆಗಲೇ ಶಿಕ್ಷೆ ಆಗಿದ್ದ 20 ಜನರ ತೀರ್ಪನ್ನೂ ಮೇಲಿನ ಕೋರ್ಟು ರದ್ದು ಮಾಡ್ತು. ನಿಲ್ಲಿಸಬೇಕು ಅಂತ ಹೋದವರಿಂದ ಸ್ಟೇಷನ್ ನಿಲ್ಲಲಿಲ್ಲ. ನಿಲ್ಲಿಸಿದ್ದು ಲೆಕ್ಕಪತ್ರ.

ಅದು ಬೋರಿಂಗ್ ಕಥೆ, ಬೇಗ ಹೇಳ್ತೀನಿ. 2013ರಲ್ಲಿ ಸರ್ಕಾರ ಕಾರ್ಬನ್ನಿಗೆ ಒಂದು ಕನಿಷ್ಠ ಬೆಲೆ ಕಟ್ಟಿತು, ಕಲ್ಲಿದ್ದಲು ಸುಡೋದು ದುಬಾರಿ ಆಯ್ತು. 2012ರಲ್ಲಿ ದೇಶದ ಕರೆಂಟಲ್ಲಿ ಸುಮಾರು 40% ಕಲ್ಲಿದ್ದಲಿಂದು, 2023ಕ್ಕೆ ಅದು ಹತ್ತತ್ರ 1%. ನಡುವೆ 2017ರ ಏಪ್ರಿಲ್ 21ಕ್ಕೆ ಇಡೀ ಒಂದು ದಿನ ಕಲ್ಲಿದ್ದಲೇ ಇಲ್ಲದೆ ದೇಶ ನಡೀತು. ಅಪ್ಪನನ್ನ ಪ್ಲಾಟ್‌ಫಾರ್ಮಲ್ಲಿ ನಿಲ್ಲಿಸಿ ತೋರಿಸೋ ಹೊತ್ತಿಗೆ ಇದು ಹಬ್ಬಕ್ಕೆ ಮಾತ್ರ ಅಟ್ಟದಿಂದ ಇಳಿಸೋ ದೊಡ್ಡ ಪಾತ್ರೆ ಥರ ಆಗಿತ್ತು. ಮಾಲೀಕರೂ ಬದಲಾಗ್ತಾನೇ ಬಂದ್ರು, ಮೊದಲು ಸರ್ಕಾರಿ ಬೋರ್ಡು, 1990ರ ಖಾಸಗೀಕರಣದಲ್ಲಿ ಪವರ್‌ಜೆನ್, ಆಮೇಲೆ ಇ.ಆನ್, ಕಡೆಗೆ ಯೂನಿಪರ್. 2022ರಲ್ಲಿ ಒಂದು ಯೂನಿಟ್ ಮುಚ್ಚಬೇಕಿತ್ತು, ಉಕ್ರೇನ್ ಯುದ್ಧ ಬಂತು, ಗ್ಯಾಸ್ ಸಿಗುತ್ತೋ ಇಲ್ವೋ ಅಂತ ಭಯ ಬಿದ್ದು ಇನ್ನೊಂದು ಚಳಿಗಾಲ ಉಳಿಸ್ಕೊಂಡ್ರು.

2024ರ ಜೂನ್ ಕೊನೇಲಿ ಕೊನೇ ಕಲ್ಲಿದ್ದಲು ರೈಲು ಬಂತು, 1650 ಟನ್. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಒಂದು ರೇಕ್ ಅಷ್ಟ? ನಮ್ಮ ಅರ್ಧ ರೇಕೂ ಆಗಲಿಲ್ಲಲ್ಲೋ" ಅಂದ್ರು. ಅಷ್ಟು ಸುಟ್ರೆ ಐದು ಲಕ್ಷ ಮನೆಗೆ ಎಂಟು ಗಂಟೆ ಕರೆಂಟ್ ಕೊಡಬಹುದಂತೆ ಅಂದೆ. ಅದರ ಬಗ್ಗೆ ಅವರು ಏನೂ ಹೇಳಲಿಲ್ಲ.

ಬ್ರಿಟನ್ನಲ್ಲಿ ಉಳಿದಿದ್ದ ಕೊನೇ ಕಲ್ಲಿದ್ದಲು ಸ್ಟೇಷನ್ನು ಇದೇ, ಹಂಗಾಗಿ ಈ ಮಧ್ಯೆ ಟಿವಿಯಲ್ಲಿ ದಿನಾ 142 ವರ್ಷ 142 ವರ್ಷ ಅಂತ ಬರ್ತಿತ್ತು. 1882ರಲ್ಲಿ ಲಂಡನ್ನಿನ ಹೋಬರ್ನ್ ವಯಾಡಕ್ಟಲ್ಲಿ ಎಡಿಸನ್ ಕಂಪನಿ ಕಲ್ಲಿದ್ದಲು ಸುಟ್ಟು ಬೀದಿ ದೀಪ ಹಚ್ಚಿದ್ದರಿಂದ ಲೆಕ್ಕ ಅದು. ನಮ್ಮದು ಉಲ್ಟಾ. ಮೈಸೂರು ಸಂಸ್ಥಾನ ಶುರು ಮಾಡಿದ್ದು ನೀರಿಂದ, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದು. ಜೋಗ, ಶರಾವತಿ ಎಲ್ಲ ಮುಗಿಸ್ಕೊಂಡು 1985ಕ್ಕೆ ಶಕ್ತಿನಗರದ ಮೊದಲ ಯೂನಿಟ್ಟಿಗೆ ಬಂದ್ವಿ, ರಾಜ್ಯದಲ್ಲಿ ಒಂದು ತುಂಡು ಕಲ್ಲಿದ್ದಲ ಗಣಿ ಇಲ್ಲದಿದ್ರೂ. ಇವರು ಬಿಟ್ಟು ಹೊರಟ ಬಾಗಿಲಲ್ಲಿ ನಾವು ಲೇಟಾಗಿ ಒಳಗೆ ಬಂದೋರು. ಇಲ್ಲಿ ಆಫೀಸಲ್ಲಿ ಯಾರೋ, ನೀವೂ ಇಂಡಿಯಾದಲ್ಲಿ ಹಿಂಗೇ ಮುಚ್ಚಬೇಕು ಅಂತ ಕಾಫಿ ಕುಡೀತಾ ಹೇಳಿದಾಗ ನಂಗೆ ಸಿಟ್ಟು ಬಂದಿದ್ದು ನಿಜ. ಅವರು ಹೇಳಿದ್ದು ತಪ್ಪು ಅಂತಲ್ಲ. 142 ವರ್ಷ ಉಂಡೆದ್ದವರು ಈಗಷ್ಟೇ ಎಲೆ ಮುಂದೆ ಕೂತವರಿಗೆ ಪಥ್ಯ ಹೇಳಿದ ಹಂಗಿತ್ತು.

ಸೆಪ್ಟೆಂಬರ್ 30, ಸೋಮವಾರ ಕೊನೇ ದಿನ. ಅಷ್ಟೊತ್ತಿಗೆ ಅಲ್ಲಿ ಉಳಿದಿದ್ದ ಕಂಪನಿ ಕೆಲಸಗಾರರು 170 ಜನ. ಯೂನಿಟ್ ನಿಲ್ಲಿಸೋದನ್ನ ಕಂಟ್ರೋಲ್ ರೂಮಿಂದ ಲೈವ್ ಬಿಟ್ಟಿದ್ರಂತೆ, ಅವರೆಲ್ಲ ಕ್ಯಾಂಟೀನಲ್ಲಿ ಸೇರಿ ಸ್ಕ್ರೀನಲ್ಲಿ ನೋಡಿದ್ರಂತೆ. ನಾನು ರಾತ್ರಿ ಊಟ ಆದ್ಮೇಲೆ ಕಾರ್ ತಗೊಂಡು ಹೋಗಿ ಹೊಳೆ ಈ ಕಡೆ ದಂಡೆಯಲ್ಲಿ ನಿಂತೆ. ಮಳೆ ಹನೀತಿತ್ತು. ನನ್ನ ಥರಾನೇ ನಾಕೈದು ಕಾರು ನಿಂತಿದ್ವು, ಯಾರೂ ಇಳೀಲಿಲ್ಲ, ಹೆಡ್‌ಲೈಟ್ ಆರಿಸ್ಕೊಂಡು ಕೂತಿದ್ರು. ಕತ್ತಲಲ್ಲಿ ಟವರುಗಳ ಆಕಾರ ಅಷ್ಟೇ, ತುದಿಯಲ್ಲಿ ಕೆಂಪು ದೀಪ. ಯಾವಾಗ ನಿಂತಿತು ಅಂತ ಹೊರಗಿಂದ ಗೊತ್ತಾಗೋ ಹಂಗೇನೂ ಇರಲಿಲ್ಲ.

ಹನ್ನೆರಡು ಗಂಟೆಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಜಾವ ನಾಕೂವರೆ, ಎ ಶಿಫ್ಟಿನ ಅಭ್ಯಾಸ ರಿಟೈರ್ ಆಗಿ ಇಷ್ಟು ವರ್ಷ ಆದ್ರೂ ಹೋಗಿಲ್ಲ, ಒಂದೇ ರಿಂಗಿಗೆ ಎತ್ತಿದ್ರು.

"ಅಪ್ಪಾ, ಬಂದ್ ಆಯ್ತು."

"ನಾಕೂ ಯೂನಿಟ್ಟ?"

"ಹ್ಞೂಂ, ಎಲ್ಲಾ."

ಸ್ವಲ್ಪ ಹೊತ್ತು ಸುಮ್ಮನಿದ್ರು. ಹಿಂದೆ ಅವ್ವ ಯಾರದು ಇಷ್ಟೊತ್ತಿನಾಗ ಅಂತ ಕೇಳೋದು ಕೇಳಿಸ್ತು.

"ಬಂಕರ್ ಖಾಲಿ ಮಾಡ್ಯಾರೇನು?"

ಬಂಕರ್ ಅಂದ್ರೆ ಕಲ್ಲಿದ್ದಲು ಪುಡಿ ಮಾಡೋ ಮಿಲ್ಲಿನ ಮೇಲಿರೋ ದೊಡ್ಡ ಡಬ್ಬಿ, ಹಿಟ್ಟಿನ ಗಿರಣಿ ಮೇಲೆ ಜೋಳ ಸುರೀತಾರಲ್ಲ, ಅಂಥದ್ದು. ಗೊತ್ತಿಲ್ಲಪ್ಪ, ಮಾಡಿರ್ತಾರೆ ಅಂದೆ.

"ಮಾಡಿರ್ತಾರ ಅಂದ್ರ ಹೆಂಗ? ಯಾರನ್ನರ ಕೇಳು. ಹಂಗ ಬಿಟ್ಟು ಮನೀಗೆ ಹೋದ್ರ ಒಳಗಿಂದೊಳಗ ಹೊತ್ಕೊಂತದ ಅದು."

ನಾಳೆ ಕೇಳ್ತೀನಿ ಅಂದೆ.